ಲಗಮಪ್ಪ ಕಾಕಾನ ಸುಣ್ಣದ ಕಲ್ಲುಗಳು

ಲಗಮಪ್ಪ ಕಾಕಾನ ಎಡಗೈಯ ತೋರುಬೆರಳು ಅರ್ಧಕ್ಕೇ ನಿಂತಿತ್ತು. ಬಲಗೈಯದೂ ಇರಬಹುದು, ನನ್ನ ದಿನಚರಿಯಲ್ಲಿ ಎರಡು ಕಡೆ ಎರಡು ರೀತಿ ಬರೆದಿದ್ದೇನೆ. ಇಷ್ಟು ಸಣ್ಣದರಲ್ಲೇ ತಪ್ಪುವವಳು ಮುಂದಿನದನ್ನು ಸರಿಯಾಗಿ ಹೇಳುತ್ತೇನೆಂದು ನನಗೇ ನಂಬಿಕೆ ಇಲ್ಲ. ಆ ಮೋಟು ಬೆರಳಿನಿಂದ ಅವನು ಧೂಳಿನಲ್ಲಿ ಗಾಲಿಯ ಗುರುತು ತೋರಿಸುತ್ತಿದ್ದದ್ದು ಮಾತ್ರ ಖರೆ.

ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ಹುಕ್ಕೇರಿ ತಾಲೂಕಿನ ಒಂದು ಕುರುಚಲು ಗುಡ್ಡಕ್ಕೆ ಅರಣ್ಯ ವಾಚರ್ ಆಗಿದ್ದ. ಹತ್ತರಗಿ ಹೆದ್ದಾರಿಯ ಕಡೆಯಿಂದ ಜೀಪು, ಬೈಕುಗಳವರು ಬರುತ್ತಿದ್ದರು. ದಾರಿ ಇಲ್ಲದ ಕಡೆಯೇ ಓಡಿಸುವುದು ಅವರ ಆಟ. ಗುಡ್ಡದ ಹಿಂಬದಿಯ ಹಳ್ಳದಲ್ಲಿ ತೋಳಗಳು ಮರಿ ಹಾಕುತ್ತಿದ್ದವು. ಹಳೆಯ ಬಂಡಿದಾರಿಯೊಂದನ್ನು ಬಿಟ್ಟು ಉಳಿದ ದಾರಿಗಳನ್ನೆಲ್ಲ ಮುಚ್ಚಿಡುವುದು ಕಾಕಾನ ಕೆಲಸ. ದಿನಾ ಇಳಿಹೊತ್ತಿಗೆ ಜಾಲಿ ಟೊಂಗೆಗೆ ಹಗ್ಗ ಕಟ್ಟಿ ದಾರಿಯ ಬಾಯಲ್ಲಿ ಎಳೆದಾಡಿ ಧೂಳನ್ನು ನುಣ್ಣಗೆ ಮಾಡಿಡುತ್ತಿದ್ದ. ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು, ಯಾವ ಗಾಡಿ ಹೋಯಿತು, ಎಷ್ಟು ಹೋದವು, ತಿರುಗಿ ಬಂದವೋ ಇಲ್ಲವೋ ಎಲ್ಲ ಹೇಳುತ್ತಿದ್ದ.

ಅವನಿಗೆ ಕರುಣೆ ಅನ್ನುವುದು ಇರಲಿಲ್ಲ. ಒಮ್ಮೆ ಬಿರುಬಿಸಿಲಲ್ಲಿ ಮೂವರು ಬೈಕಿನವರನ್ನು ಹಿಡಿದು, ಗಾಲಿಗಳ ಗಾಳಿ ಬಿಟ್ಟು, ಹೆದ್ದಾರಿವರೆಗೆ ತಳ್ಳಿಕೊಂಡು ಹೋಗಲು ಹೇಳಿದ. ಅವರು ನೀರು ಕೇಳಿದಾಗ ಕೊಡವನ್ನು ಅವರ ಕಣ್ಣೆದುರೇ ನಾಯಿಯ ಬೋಗುಣಿಗೆ ಬಗ್ಗಿಸಿದ. "ಗುಡ್ಡಾ ನೋಡಾಕ ಬಂದೀರಲ್ರಿ, ಸಾವಕಾಶ ನೋಡ್ಕೋತ ಹೋಗ್ರಿ" ಎಂದ. ನಾನು ನಕ್ಕೆ. ಆ ನಗುವನ್ನು ದಿನಚರಿಯಲ್ಲಿ ಬರೆದಿಲ್ಲ.

ನಮ್ಮದು ಕುರಿ ಕಾಯುವ ಮನೆತನ. ತೋಳ ಕಾಕಾನ ಹಟ್ಟಿಯದೇ ಎರಡು ಕುರಿ ಒಯ್ದಾಗ ಚಿಗವ್ವ, ಕಾಕಾನ ಹೆಂಡತಿ, ಬಾಯಿಗೆ ಬಂದಂತೆ ಬೈದಳು. ಕಾಕಾ ಬೀಡಿ ಹಚ್ಚಿ ಹೇಳಿದ್ದಿಷ್ಟೇ: "ತೋಳ ತಿಂದ್ರ ಅದರ ಹಸಿವಿ ತೀರತೈತಿ. ಗಾಲಿಗೆ ಹಸಿವೀನ ಇಲ್ಲ. ಬರೇ ತುಳೀತೈತಿ."

ಅವನ ಒಬ್ಬನೇ ಮಗ ಮಲ್ಲು. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಜೀಪಿನವರಿಗೆ ಗುಡ್ಡದ ಒಳದಾರಿ ತೋರಿಸುತ್ತಿದ್ದವನು ಅವನೇ. ಬೈಕಿನಲ್ಲಿ ಮುಂದೆ ಹೋಗುತ್ತಿದ್ದ, ಜೀಪುಗಳು ಹಿಂದೆ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ವರ್ಷ, ರಜೆಗೆ ಅವರ ಮನೆಗೆ ಹೋದಾಗ ಕಾಕಾ ಧೂಳಿನ ಒಂದು ಗುರುತನ್ನು ತೋರಿಸಿದ. ಹಿಂಗಾಲಿಯ ಟಾಯರಿನ ಒಂದು ಹಲ್ಲು ಹಾರಿತ್ತು. ಸುತ್ತಿಗೊಮ್ಮೆ ಆ ಜಾಗ ಬೋಳು. "ಯಾರದಿದು, ಹೇಳು." ಮಲ್ಲುವಿನ ಗಾಡಿ ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ. "ಇಷ್ಟು ಕಲ್ತಾಕಿಗೆ ಇದನ್ನ ಓದಾಕ ಬರೂದಿಲ್ಲೇನು?" ಎಂದು ಕಾಕಾ ಎದ್ದುಹೋದ.

ಅದೇ ವಾರ ಒಂದು ಜೀಪು ತೋಳದ ಗವಿಯ ಮೇಲೆ ಹಾದು ಮಣ್ಣು ಕುಸಿಯಿತು. ಕಾಕಾ ಕೈಯಿಂದಲೇ ಅಗೆದು ನಾಲ್ಕು ಮರಿ ತೆಗೆದ. ನಾಲ್ಕೂ ಸತ್ತಿದ್ದವು. ಟವೆಲಿನಲ್ಲಿ ಕಟ್ಟಿ ತಂದು, ಊಟಕ್ಕೆ ಕೂತಿದ್ದ ಮಲ್ಲುವಿನ ತಾಟಿನ ಬಾಜೂ ಬಿಚ್ಚಿಟ್ಟ. ಮಲ್ಲು ಪೂರ್ತಿ ರೊಟ್ಟಿ ಮುಗಿಸಿ, ಕೈ ತೊಳೆದು, ಬಟ್ಟೆ ತುಂಬಿಕೊಂಡು ಹತ್ತರಗಿಯ ಗೆಳೆಯನ ಖೋಲಿಗೆ ಹೋದ. ಮತ್ತೆ ಮನೆಗೆ ಬರಲಿಲ್ಲ.

ಅವನು ಹೋದ ಮೇಲೆ ಕಾಕಾ ಆ ಒಳದಾರಿಯ ತಿರುವಿನಲ್ಲಿ ಅಡ್ಡಲಾಗಿ ಆಳದ ತಗ್ಗು ತೋಡಿದ. ತಗ್ಗು ತೋಡಿದಲ್ಲೆಲ್ಲ ಅವನದೊಂದು ನೇಮವಿತ್ತು: ಹತ್ತು ಹೆಜ್ಜೆ ಮೊದಲೇ ಸುಣ್ಣ ಹಚ್ಚಿದ ಐದು ಕಲ್ಲುಗಳನ್ನು ಸಾಲಾಗಿ ಇಡುವುದು. ನಿಲ್ಲುವವರು ನಿಲ್ಲಲಿ ಎಂದು. ಅವನಲ್ಲಿದ್ದ ದಯೆಯೆಲ್ಲ ಆ ಐದು ಕಲ್ಲುಗಳೇ.

ಮುಂದಿನ ಭಾನುವಾರ ಬೆಳಿಗ್ಗೆ ಮಲ್ಲು ಬೈಕಿನ ಸಮೇತ ಆ ತಗ್ಗಿಗೆ ಬಿದ್ದ. ಹಿಂದಿದ್ದ ಎರಡು ಜೀಪುಗಳು ನಿಂತವು, ಹಿಂದಕ್ಕೆ ಸರಿದವು, ಹೊರಟುಹೋದವು. ಕುರಿಯವರು ಕೂಗಿದಾಗ ನಾವು ಓಡಿದೆವು. ಬೈಕಿನಡಿ ಅವನ ಬಲಗಾಲು ಇರಬಾರದ ಕಡೆ ತಿರುಗಿತ್ತು. ಅವನನ್ನು ಎತ್ತಿ, ಅವನು ಬಂದ ಕಡೆಯ ದಂಡೆಯಲ್ಲೇ ಮಲಗಿಸಿದೆವು. ದವಾಖಾನೆ ಗಾಡಿ ಬಂತು, ಆದರೆ ತಗ್ಗಿನ ಆಚೆ ಬದಿಯ ಕಾಕಾನ ಓಣಿಯ ಕಡೆಯಿಂದ; ದಾಟಲು ಆಗಲಿಲ್ಲ. ನಾಲ್ಕು ಬುಟ್ಟಿ ಮಣ್ಣು ಹಾಕಿದರೆ ದಾಟುತ್ತದೆ ಎಂದು ಜನ ಸಲಿಕೆ ಎತ್ತಿದರು. ಕಾಕಾ ಅಡ್ಡ ನಿಂತ.

"ಮುಚ್ಚಬ್ಯಾಡ್ರಿ. ಹೊರಸು ತರ್ರಿ, ಹೊತ್ಕೊಂಡು ಹೋಗೂನು."

"ನಿನ್ನ ಮಗ ಅದಾನೋ, ಲಗಮ್ಯಾ" ಎಂದ ಒಬ್ಬ ಮುದುಕ.

"ಗೊತ್ತೈತಿ. ಗಾಲಿ ನೋಡೇನಿ."

ಮನೆಯಿಂದ ಆ ಹಗ್ಗದ ಮಂಚ ತರುವಷ್ಟು ಹೊತ್ತು ಮಲ್ಲು ಅಲ್ಲೇ ಬಿದ್ದಿದ್ದ. ಗೋಕಾಕದ ಆಸ್ಪತ್ರೆಯಲ್ಲಿ ಅವನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಕಾಕಾ ಒಂದು ದಿನವೂ ಅಲ್ಲಿಗೆ ಬರಲಿಲ್ಲ. ಮಲ್ಲು ಬಿದ್ದ ದಿನ ಇಳಿಹೊತ್ತಿಗೂ ಟೊಂಗೆ ಎಳೆದ ಎಂದು ಜನ ಹೇಳಿದರು.

ತಗ್ಗಿನ ಮುಂದೆ ಕಲ್ಲುಗಳೇ ಇರಲಿಲ್ಲ ಎಂದ ಮಲ್ಲು. ಇಟ್ಟಿದ್ದೆ, ಅವನೇ ಒದ್ದಿರಬೇಕು ಎಂದ ಕಾಕಾ. ಆದರೆ ಮನೆಯ ಹಿಂದೆ, ಹಟ್ಟಿಯ ಗೋಡೆಗೆ ಒತ್ತಿ, ಸುಣ್ಣ ಹಚ್ಚಿದ ಐದು ಕಲ್ಲುಗಳು ಒಂದರ ಮೇಲೊಂದು ಇದ್ದದ್ದನ್ನು ನಾನು ಕಂಡಿದ್ದೇನೆ. ಯಾವಾಗ ಎಂಬುದೇ ನನ್ನ ತೊಡಕು. ಶನಿವಾರ ಸಂಜೆ ಕಟ್ಟಿಗೆ ತರಲು ಹೋದಾಗ ಎಂದು ನೆನಪು ಹೇಳುತ್ತದೆ. ಹಾಗಿದ್ದರೆ ನನ್ನ ಫೋನಿನಲ್ಲಿ ಮಲ್ಲುವಿನ ನಂಬರ್ ಇತ್ತು, ನಾನು ಮಾತಾಡಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಕಂಡದ್ದೂ ಇರಬಹುದು. ದಿನಚರಿಯ ಆ ಪುಟದಲ್ಲಿ ಒಂದೇ ಸಾಲಿದೆ: ಮಲ್ಲು ಬಿದ್ದ.

ಕಾಕಾನನ್ನು ಕೊನೆಯ ಸಲ ಕಂಡದ್ದು ಮೂಡಲಗಿಯ ನಮ್ಮ ಮನೆಯಲ್ಲಿ, ನನ್ನ ನಿಶ್ಚಿತಾರ್ಥದ ದಿನ. ಮಲ್ಲು ಊರುಗೋಲಿನಲ್ಲಿ ಒಳಗೆ ಬಂದಾಗ ಎದ್ದು ಹೊರಗೆ ಹೋದ. ಅಂಗಳದ ಮಣ್ಣಿನಲ್ಲಿ ಮೂಡಿದ ಗುರುತುಗಳ ಮುಂದೆ, ಒಂದು ಹೆಜ್ಜೆ, ಒಂದು ಚುಕ್ಕೆ, ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಅಳುತ್ತಿದ್ದ ಎಂದು ಬರೆಯಲು ಮನಸ್ಸಾಗುತ್ತದೆ. ಕಂಡಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡ. ಟೊಂಗೆ ಎಳೆಯುವವರಿಲ್ಲ, ತಗ್ಗು ಅರ್ಧ ತುಂಬಿದೆ, ಜೀಪುಗಳು ಮತ್ತೆ ಬರುತ್ತವೆ. ಹೆದ್ದಾರಿಯ ಚಹಾದಂಗಡಿಯಲ್ಲಿ ಕೂತ ಮಲ್ಲು ಊರುಗೋಲು ಎತ್ತಿ ಅವರಿಗೆ ದಾರಿ ತೋರಿಸುತ್ತಾನೆ.

ಮೊನ್ನೆ ಹೋದಾಗ ಚಿಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಕಾನ ವರ್ಷದ ತಿಥಿಯ ಊಟಕ್ಕೆ ಏನೇನು ಮಾಡಬೇಕೆಂದು ಹೇಳುತ್ತಲೇ ಇದ್ದಳು. ನಾನು ನಡುವೆ ಬಾಯಿ ಹಾಕಿ ಕೇಳಿದೆ. ಅವಳು ಜೋಳದಲ್ಲಿ ಸಿಕ್ಕ ಹರಳೊಂದನ್ನು ಆರಿಸಿ ಹಟ್ಟಿಯ ಗೋಡೆಯ ಕಡೆ ಎಸೆದಳು.

"ಚಿಗವ್ವ, ಆ ಕಲ್ಲು ಮನಿಗೆ ಯಾರು ಹೊತ್ತು ತಂದ್ರು?"