ಮಳಿ ಬಂತು ಎಂದ ನಮ್ಮತ್ತೆ

ನಮ್ಮತ್ತೆಯ ಮಟ್ಟಿಗೆ ಬಾಸ್ಕೆಟ್‌ಬಾಲ್ ಎಂದರೆ ಭತ್ತ ತುಳಿಯುವ ಆಟ. ಕಂಪ್ಲಿಯಲ್ಲಿ ನಮ್ಮದೊಂದು ಸಣ್ಣ ಅಕ್ಕಿ ಗಿರಣಿ ಇದೆ. ಅದರ ಮುಂದೆ ಕುದಿಸಿದ ಭತ್ತ ಹರವಲು ಸಿಮೆಂಟಿನ ದೊಡ್ಡ ಕಣ. ಊರಿನ ದೊಡ್ಡ ಗಿರಣಿಗಳೆಲ್ಲ ಒಣಗಿಸುವ ಯಂತ್ರ ತಂದು ಎಷ್ಟೋ ವರ್ಷಗಳಾದವು. ಬಿಸಿಲಿಗೆ ಒಣಗಿದ ಭತ್ತದ ಅಕ್ಕಿಯ ರುಚಿಯೇ ಬೇರೆ ಎಂಬುದು ಅತ್ತೆಯ ಹಟ. ಆ ಹಟದಿಂದಾಗಿ ನಮ್ಮ ಕಣ ಇನ್ನೂ ಉಳಿದಿದೆ. ಉಳಿದ ಕಣದ ಗೋಡೆಗೆ ನನ್ನ ಮಗಳು ರಿಂಗ್ ಹೊಡೆಸಿದಳು.

ಮಗಳು ಆಗ ಡಿಗ್ರಿ ಎರಡನೇ ವರ್ಷ. ಕಾಲೇಜಿನ ಪಿ.ಟಿ. ಮೇಷ್ಟ್ರಿಗೆ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಕಟ್ಟುವ ಹುಚ್ಚು ಹತ್ತಿತ್ತು. ಆಡಲು ಜಾಗ ಎಲ್ಲಿದೆ ಎಂದು ಅವರು ಕೇಳಿದಾಗ ಇವಳು ಕೈಯೆತ್ತಿ, "ನಮ್ಮ ಮನ್ಯಾಗ ಐತ್ರಿ ಸರ್" ಎಂದಿದ್ದಳಂತೆ. ಅತ್ತೆಯನ್ನು ಕೇಳಿದ್ದು ರಿಂಗ್ ಗೋಡೆ ಹತ್ತಿದ ಮೇಲೆ. ನಾನು ಅಡುಗೆಮನೆಯ ಕಿಟಕಿಯಿಂದ ಇಣುಕುತ್ತಿದ್ದೆ. ಅತ್ತೆ ರಿಂಗನ್ನು ಮೇಲಿಂದ ಕೆಳಗೆ ನೋಡಿ, ಹುಡುಗಿಯರ ಚಡ್ಡಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿ, ತಮ್ಮ ಕರಾರು ಹೇಳಿದರು.

"ಆಡ್ರಿ, ಯಾರು ಬ್ಯಾಡ ಅಂತಾರ? ಆದ್ರ ನಾ ಮಳಿ ಬಂತು ಅಂದ ಕೂಡ್ಲೆ ಚೆಂಡು ಬಿಟ್ಟು ನನ್ನ ಭತ್ತ ಎಳೀಬೇಕು. ಒಪ್ಪಿಗಿ ಇದ್ರ ಆಡ್ರಿ, ಇಲ್ಲಂದ್ರ ನಡೀರಿ."

ಹೀಗೆ ನಮ್ಮ ತಂಡದ ತರಬೇತಿ ಶುರುವಾಯಿತು. ಅರ್ಧ ಕಣದಲ್ಲಿ ಭತ್ತ, ಇನ್ನರ್ಧದಲ್ಲಿ ಆಟ. ಚೆಂಡು ಭತ್ತದ ಮೇಲೆ ಬಿದ್ದರೆ ಅತ್ತೆಯ ಬಾಯಿಗೆ ಬೀಳಬೇಕಾಗುತ್ತಿತ್ತು, ಹಾಗಾಗಿ ಹುಡುಗಿಯರು ಚೆಂಡನ್ನು ಮೊಣಕಾಲಿಗಿಂತ ಮೇಲೆ ಪುಟಿಸುತ್ತಲೇ ಇರಲಿಲ್ಲ. ನದಿಯ ಕಡೆ ಸ್ವಲ್ಪ ಕಪ್ಪಾದರೆ ಸಾಕು, ಅತ್ತೆ ಕಟ್ಟೆಯ ಮೇಲೆ ಎದ್ದು ನಿಂತು "ಮಳಿ ಬಂತು!" ಎಂದು ಕೂಗುವರು. ಐದೂ ಹುಡುಗಿಯರು ಚೆಂಡು ಬಿಟ್ಟು, ಉದ್ದ ಹಿಡಿಯ ಹಲಗೆ ಕೈಗೆತ್ತಿಕೊಂಡು, ಹರವಿದ ಭತ್ತವನ್ನು ನಾಲ್ಕೂ ಕಡೆಯಿಂದ ನಡುವಿಗೆ ತಳ್ಳಿ ಗುಡ್ಡೆ ಮಾಡಿ ತಾಡಪಾಲು ಹೊದಿಸಬೇಕು. ಆ ಓಟ ನೋಡಲು ಬೀದಿಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಯಾರು ಎಲ್ಲಿಗೆ ನುಗ್ಗಬೇಕು ಎಂದು ಒಬ್ಬರಿಗೊಬ್ಬರು ಹೇಳುತ್ತಿರಲಿಲ್ಲ, ಎಲ್ಲ ಕಾಲಿಗೆ ರೂಢಿಯಾಗಿತ್ತು. ಗಿರಣಿಯ ಹೆಣ್ಣಾಳುಗಳು ಇವರ ಓಟ ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದರು.

ಕಾಲೇಜುಗಳ ಟೂರ್ನಮೆಂಟ್ ಹತ್ತಿರ ಬಂದಿತ್ತು. ಒಂದು ಸಂಜೆ ಚೆಂಡು ಹಾರಿ ಬಂದು ಅತ್ತೆಯ ಚಹಾದ ಲೋಟ ಕೆಡವಿತು. ಬಿಸಿ ಚಹಾ ಸೀರೆಯ ಮೇಲೆ. ಅತ್ತೆ ಕೂಗಾಡಲಿಲ್ಲ, ಅದೇ ಭಯ. ಸೆರಗು ಹಿಂಡಿಕೊಂಡು ತಣ್ಣಗೆ ಹೇಳಿದರು: "ಟೂರ್ನಮೆಂಟ್ ತನಕ ತಡಕೊಂತೀನಿ. ನೀವು ಯಾವತ್ತು ಸೋತು ಬರ್ತೀರಿ, ಅವತ್ತ ಸಂಜಿಗೆ ಆ ರಿಂಗ್ ಇಳೀತೈತಿ. ಇದು ನನ್ನ ಮಾತು."

ಅತ್ತೆ ಮಾತು ಕೊಟ್ಟರೆ ಮುಗಿಯಿತು. ನಾನು ಮದುವೆಯಾಗಿ ಬಂದ ವರ್ಷ, ಎದುರು ಮನೆಯವರ ಜೊತೆ ಇನ್ನು ಮಾತಾಡುವುದಿಲ್ಲ ಎಂದವರು ಇವತ್ತಿಗೂ ಅವರ ಜೊತೆ ಕೈಸನ್ನೆಯಲ್ಲೇ ವ್ಯವಹಾರ ನಡೆಸುತ್ತಾರೆ. ಅಂದು ರಾತ್ರಿ ಊಟಕ್ಕೆ ಕೂತಾಗ ಮಗಳು ತಟ್ಟೆ ಪಕ್ಕಕ್ಕೆ ಸರಿಸಿದಳು. "ಅವ್ವಾ, ರಿಂಗ್ ಹೋದ್ರ ಟೀಮೂ ಹೋತು. ಬ್ಯಾರೆ ಕಡಿ ಎಲ್ಲಿ ಆಡೋಣ?" ಎಂದಳು. ಮೊದಲ ಪಂದ್ಯವೇ ಸಂಡೂರು ಕಡೆಯ ಕಾಲೇಜಿನ ಮೇಲೆ ಬಿದ್ದಿತ್ತು, ಅವರು ಹಿಂದಿನ ವರ್ಷದ ಚಾಂಪಿಯನ್ನರು. ನನ್ನ ಗಂಡ ಏಣಿ ಎಲ್ಲಿದೆ ಎಂದು ಆಗಲೇ ಹುಡುಕತೊಡಗಿದ್ದರು.

ಟೂರ್ನಮೆಂಟ್ ಇದ್ದದ್ದು ಹೊಸಪೇಟೆಯಲ್ಲಿ. ಗಿರಣಿಯ ಗೂಡ್ಸ್ ಗಾಡಿಯಲ್ಲಿ ಖಾಲಿ ಚೀಲ ಹಾಸಿಕೊಂಡು ಹುಡುಗಿಯರು, ಗಿರಣಿಯ ಹೆಣ್ಣಾಳುಗಳು, ಮನೆಯವರು ಎಲ್ಲ ಹೊರಟೆವು. ಅತ್ತೆ ಮುಂದಿನ ಸೀಟಿನಲ್ಲಿ, ಕಣ್ಣಾರೆ ಸೋಲು ನೋಡದೆ ರಿಂಗ್ ಇಳಿಸಿದರೆ ಜನ ಏನಂದಾರು ಎಂಬುದು ಅವರ ನೆಪ. ಬುಕ್ಕಸಾಗರ ದಾಟುವಾಗ ಗದ್ದೆಗಳನ್ನು ನೋಡಿ ಯಾರ ಪೈರು ಚೆನ್ನಾಗಿದೆ, ಯಾರದು ಹಳದಿ ತಿರುಗಿದೆ ಎಂದು ಹೇಳುತ್ತಾ ಬಂದರು. ಆಟದ ಸುದ್ದಿಯನ್ನೇ ಎತ್ತಲಿಲ್ಲ.

ಮೈದಾನಕ್ಕೆ ಹೋದರೆ ಸಂಡೂರಿನವರು ಬಸ್ಸು ಮಾಡಿಕೊಂಡು ಬಂದಿದ್ದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್, ಎರಡು ಡೋಲು. ಗೆಲುವಿನ ಪೇಢೆಯ ಡಬ್ಬಿಗಳೂ ಬಂದಾಗಿದ್ದವು. ನಮ್ಮ ಪಕ್ಕದ ಮೆಟ್ಟಿಲಲ್ಲಿ ಕೂತವರು ವಡ್ಡು ಎಂಬ ಊರಿನಿಂದ ಬಂದ ಒಬ್ಬ ತಂದೆ, ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರು. ಅವರ ಮಗಳು ಸಂಡೂರು ತಂಡದಲ್ಲಿದ್ದಳು. ಅತ್ತೆಗೆ ಜಾಗ ಬಿಟ್ಟು, "ಬರ್ರಿ ಯವ್ವಾ, ಕುಂದ್ರಿ. ನಿಮ್ಮ ಹುಡುಗ್ಯಾರು ಇನ್ನ ಸಣ್ಣಾರದಾರ, ಭಾಳ ಬೇಜಾರ ಮಾಡ್ಕೋಬ್ಯಾಡ್ರಿ" ಎಂದರು. ಅವರು ಸಮಾಧಾನಕ್ಕೆ ಹೇಳಿದ್ದು. ಅತ್ತೆಯ ಮೂಗಿನ ತುದಿ ಕೆಂಪಾಯಿತು.

ಆಟ ಶುರುವಾಯಿತು, ನಮ್ಮವರು ಹಿಂದೆ ಬಿದ್ದರು. ಅಷ್ಟು ಅಗಲದ ಅಂಕಣ ಕಂಡಿರದ ಹುಡುಗಿಯರು ಇಲ್ಲದ ಭತ್ತಕ್ಕೆ ಹೆದರಿ ಅರ್ಧ ಜಾಗದಲ್ಲೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಸಂಡೂರಿನವರು ಡೋಲು ಬಾರಿಸುತ್ತಾ "ಡಿಫೆನ್ಸ್! ಡಿಫೆನ್ಸ್!" ಎಂದು ಒಕ್ಕೊರಲಿನಿಂದ ಕೂಗುತ್ತಿದ್ದರು. ನಮ್ಮ ಕಡೆ ಏನು ಕೂಗಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

"ಏನರ ಅನ್ರಲೇ! ಬಾಯಾಗ ಏನು ಅವಲಕ್ಕಿ ಇಟ್ಕೊಂಡೀರೇನು?" ಎಂದು ಅತ್ತೆ ನನ್ನ ಗಂಡನಿಗೆ ಗದರಿದರು. ಅವರು ಮೆಲ್ಲಗೆ ಚಪ್ಪಾಳೆ ತಟ್ಟಿದರು, ಯಾವುದೋ ಸನ್ಮಾನ ಸಮಾರಂಭದಲ್ಲಿ ತಟ್ಟುವ ಹಾಗೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು. ತಮಗೆ ಗೊತ್ತಿದ್ದ ಒಂದೇ ಒಂದು ಮಾತನ್ನು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದರು.

"ಮಳಿ ಬಂತು!"

ಮೇಲೆ ರಣರಣ ಬಿಸಿಲು. ಸಂಡೂರಿನವರು ತಲೆಯೆತ್ತಿ ಆಕಾಶ ನೋಡಿದರು. ನಮ್ಮ ಐದು ಹುಡುಗಿಯರು ಮಾತ್ರ ಆಕಾಶ ನೋಡಲಿಲ್ಲ, ನುಗ್ಗಿದರು. ಇಬ್ಬರು ಎಡಕ್ಕೆ, ಇಬ್ಬರು ಬಲಕ್ಕೆ, ನನ್ನ ಮಗಳು ಚೆಂಡನ್ನು ನೆಲಕ್ಕೆ ಸವರುವಷ್ಟು ತಗ್ಗಿಸಿ ನಡುವಿನಲ್ಲಿ. ಎಲ್ಲರೂ ಒಂದೇ ಕಡೆ ಬಂದು ಕೂಡಿದರು, ಚೆಂಡು ರಿಂಗಿನೊಳಗೆ ಬಿತ್ತು. ಅತ್ತೆ ಮತ್ತೆ ಕೂಗಿದರು, ಮತ್ತೆ ಬಿತ್ತು. ಆಮೇಲೆ ಗಿರಣಿಯ ಹೆಣ್ಣಾಳುಗಳೂ ದನಿಗೂಡಿಸಿದರು. ಕೊನೆಗೆ ನಾನೂ ಎದ್ದು ನಿಂತು ಕೂಗಿದೆ, ಮದುವೆಯಾದ ಮೇಲೆ ಅತ್ತೆಯ ಎದುರು ನಾನು ಅಷ್ಟು ದೊಡ್ಡ ದನಿ ತೆಗೆದದ್ದು ಅದೇ ಮೊದಲು.

ನಾವು ಗೆದ್ದಾಗ ಸಂಡೂರಿನ ಡೋಲು ಅರ್ಧ ಪೆಟ್ಟಿಗೇ ನಿಂತಿತು. ಟೀ ಶರ್ಟಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಡ್ಡುವಿನ ತಂದೆ ಎದ್ದು ಹೋಗಿ ಅಂಕಣದಲ್ಲಿ ಅಳುತ್ತಿದ್ದ ಮಗಳ ತಲೆ ಸವರಿ ಬಂದರು. ಬಂದವರ ಕೈಯಲ್ಲಿ ಪೇಢೆಯ ಡಬ್ಬಿ ಇತ್ತು. "ತಗೋರಿ ಯವ್ವಾ, ಹೆಂಗೂ ತಂದೀವಿ" ಎಂದು ಅತ್ತೆಯ ಮುಂದೆ ಹಿಡಿದರು. ನನಗೆ ಆ ಮನುಷ್ಯನ ಮೇಲೆ ಆ ಕ್ಷಣವೇ ಗೌರವ ಹುಟ್ಟಿತು. ಅತ್ತೆ ಒಂದು ಪೇಢೆ ತಾವು ತಿಂದು, ಇನ್ನೊಂದನ್ನು ಅವರ ಮಗಳಿಗೆ ತಾವೇ ಹೋಗಿ ತಿನ್ನಿಸಿದರು.

ಮರುದಿನ ಸೆಮಿಫೈನಲ್‌ಗೆ ನಾವು ಹೋದರೆ ವಡ್ಡುವಿನವರು ಮಗಳನ್ನೂ ಕರೆದುಕೊಂಡು ಮತ್ತೆ ಬಂದು ನಮ್ಮ ಪಕ್ಕದಲ್ಲೇ ಕೂತಿದ್ದರು. ಇನ್ನೇನು ಕೆಲಸ ಇಲ್ಲಿ ನಿಮಗೆ ಎಂದು ನನ್ನ ಗಂಡ ಕೇಳಿದರು. "ನಮ್ಮನ್ನ ಸೋಲಿಸಿದವರು ಕಪ್ ಹೊಡೀಬೇಕ್ರಿ. ಅಂದ್ರ ನಮಗೂ ಒಂದು ಮರ್ಯಾದಿ ಉಳೀತೈತಿ" ಎಂದರು. ಆಟ ನೋಡುವವರ ಈ ಲೆಕ್ಕಾಚಾರ ನನಗೆ ಹೊಸದು, ಆದರೆ ಬಹಳ ಹಿಡಿಸಿತು.

ಅಂದಿನ ಎದುರಾಳಿ ಹಂಪಿ ಕಡೆಯ ಕಾಲೇಜು. ಪ್ರವಾಸಿಗರನ್ನು ತಿರುಗಾಡಿಸುವ ಆಟೋದವರು ಆಟೋ ಸಮೇತ ಬಂದು ಮೈದಾನದ ಬೇಲಿಗೆ ಸಾಲಾಗಿ ನಿಲ್ಲಿಸಿದ್ದರು. ತಮ್ಮ ಹುಡುಗಿಯರು ಬುಟ್ಟಿಗೆ ಹಾಕಿದಾಗಲೆಲ್ಲ ಎಲ್ಲ ಹಾರ್ನುಗಳೂ ಒಟ್ಟಿಗೆ. ಮೊದಮೊದಲು ನಮ್ಮವರ ಕಿವಿಗೆ ಅತ್ತೆಯ ದನಿಯೇ ಬೀಳಲಿಲ್ಲ. ಅಷ್ಟರಲ್ಲಿ ವಡ್ಡುವಿನವರು ಯಾರನ್ನೋ ಹಿಡಿದು ಒಂದು ಡೋಲು ತರಿಸಿದರು. ಡೋಲಿನ ಜೊತೆ "ಮಳಿ ಬಂತು" ಎದ್ದ ಮೇಲೆ ಹಾರ್ನುಗಳು ಒಂದೊಂದಾಗಿ ಸುಮ್ಮನಾದವು. ಪಂದ್ಯ ಮುಗಿದು ನಾವು ಗೆದ್ದಾಗ ಬೇಲಿಯ ಆಚೆಯಿಂದ ಒಬ್ಬ ಆಟೋದವನು ನಮ್ಮ ಹುಡುಗಿಯರನ್ನು ನೋಡಿ ಒಂದೇ ಒಂದು ಸಲ ಹಾರ್ನ್ ಒತ್ತಿದ. ಹಿಂದೆಯೇ ಮಿಕ್ಕವರೂ ಒತ್ತಿದರು.

ಆ ಸಂಜೆ ಕಮಲಾಪುರದಲ್ಲಿ ಗಾಡಿ ನಿಲ್ಲಿಸಿ ಮಿರ್ಚಿ, ಮಂಡಕ್ಕಿ ಒಗ್ಗರಣೆ ತಿಂದೆವು. ಅತ್ತೆ ಹುಡುಗಿಯರಿಗೆ ಇನ್ನೊಂದು ತಿನ್ನಿ, ಇನ್ನೊಂದು ತಿನ್ನಿ ಎಂದು ಬಡಿಸುತ್ತಿದ್ದರು. ಮೊಮ್ಮಗಳು ಧೈರ್ಯ ಮಾಡಿ, "ಅಮ್ಮಾ, ಇನ್ನ ರಿಂಗ್ ಇಳಿಸೋದಿಲ್ಲ ಹೌದಿಲ್ಲೋ?" ಎಂದು ಕೇಳಿದಳು. ಅತ್ತೆಯ ಕೈ ನಿಂತಿತು. "ಮಾತು ಮಾತ. ಫೈನಲ್ ಗೆದ್ದು ಬಾ, ಆಮ್ಯಾಲ ನೋಡೋಣ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು, ಒಂದು ಮಿರ್ಚಿಯ ಜೊತೆ ಅದನ್ನೂ ನುಂಗಿದೆ.

ಫೈನಲ್ ಹೊಸಪೇಟೆಯದೇ ತಂಡದ ಮೇಲೆ. ಸೋತ ಊರುಗಳೆಲ್ಲ ನಮ್ಮ ಕಡೆ ಬಂದು ಸೇರಿದ್ದವು. ಒಂದೇ ಬಣ್ಣದ ಟೀ ಶರ್ಟುಗಳು, ಹಂಪಿಯ ಆಟೋಗಳು, ನಮ್ಮ ಹೆಣ್ಣಾಳುಗಳು, ಎಲ್ಲರ ಬಾಯಲ್ಲೂ ಮಳೆಯೇ. ಆದರೆ ಅಂದು ನಿಜವಾಗಿಯೂ ಮೋಡ ಕಟ್ಟಿತ್ತು. ಅತ್ತೆ ಇಬ್ಬರು ಆಳುಗಳಿಗೆ ಕಣ ಒಪ್ಪಿಸಿ ಬಂದಿದ್ದರೂ ಗಳಿಗೆಗೊಮ್ಮೆ ಕಂಪ್ಲಿಯ ದಿಕ್ಕಿಗೆ ತಿರುಗಿ ನೋಡುತ್ತಿದ್ದರು.

ಕೊನೆಗೆ ಕೆಲವೇ ಸೆಕೆಂಡು ಉಳಿದವು. ನಾವು ಒಂದು ಪಾಯಿಂಟ್ ಮುಂದೆ, ಚೆಂಡು ನನ್ನ ಮಗಳ ಕೈಯಲ್ಲಿ. ಇನ್ನು ಅದನ್ನು ಬಿಡದೆ ಹಿಡಿದುಕೊಂಡು ಸಮಯ ಕಳೆದರೆ ಕಪ್ ನಮ್ಮದು. ಮೇಷ್ಟ್ರು ಅಂಕಣದ ಅಂಚಿನಿಂದ ನಮ್ಮ ಕಡೆ ತಿರುಗಿ, ಎರಡೂ ಕೈ ಜೋಡಿಸಿ, ತುಟಿಯ ಮೇಲೆ ಬೆರಳಿಟ್ಟರು. ಈಗ ಯಾರೂ ಆ ಮಾತು ಆಡಬೇಡಿ ಎಂದು ಅದರ ಅರ್ಥ. ಎಲ್ಲರಿಗೂ ತಿಳಿಯಿತು. ಡೋಲು ನಿಂತಿತು, ಆಟೋದವರು ಹಾರ್ನಿನಿಂದ ಕೈ ತೆಗೆದರು.

ಆಗ ಅತ್ತೆಯ ಅಂಗೈ ಮೇಲೆ ಒಂದು ದಪ್ಪ ಹನಿ ಬಿತ್ತು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ. ತಡೆಯಬೇಕು ಎಂದುಕೊಳ್ಳುವಷ್ಟರಲ್ಲಿ ಮುಗಿದಿತ್ತು. ಅವರ ಕಣ್ಣ ಮುಂದೆ ಆಗ ಕಪ್ ಇರಲಿಲ್ಲ, ಅಂಕಣ ಇರಲಿಲ್ಲ, ಹರವಿಟ್ಟು ಬಂದ ಭತ್ತವಿತ್ತು. ನಿಶ್ಶಬ್ದವಾಗಿದ್ದ ಮೈದಾನದಲ್ಲಿ ಅವರೊಬ್ಬರದೇ ದನಿ.

"ಮಳಿ ಬಂತು!"

ಹುಡುಗಿಯರು ನುಗ್ಗಿದರು. ಮೇಷ್ಟ್ರು "ಬ್ಯಾಡ!" ಎಂದು ಚೀರಿದ್ದು ಅವರಿಗೆ ಕೇಳಲೇ ಇಲ್ಲ. ಮಗಳು ಮುಂದಕ್ಕೆ ಎಸೆದ ಚೆಂಡನ್ನು ಹೊಸಪೇಟೆಯ ಎತ್ತರದ ಹುಡುಗಿಯೊಬ್ಬಳು ನಡುವೆಯೇ ಹಿಡಿದಳು. ಅವಳು ಓಡಿದ ದಾರಿಯಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಅವಳು ಬುಟ್ಟಿಗೆ ಹಾಕುವುದಕ್ಕೂ ಶಿಳ್ಳೆ ಊದುವುದಕ್ಕೂ ಸರಿಹೋಯಿತು. ಹೊಸಪೇಟೆಯವರು ಅಂಕಣಕ್ಕೆ ನುಗ್ಗಿ ಅವಳನ್ನು ಎತ್ತಿಕೊಂಡರು. ನಾಲ್ಕು ಹನಿ ಉದುರಿಸಿದ ಮೋಡ ಅಷ್ಟಕ್ಕೇ ಸರಿದುಹೋಯಿತು.

ನಮ್ಮ ಕಡೆಯ ಅಷ್ಟೂ ಜನ ಅತ್ತೆಯನ್ನು ನೋಡಿದರು. ಒಬ್ಬರೂ ಒಂದು ಮಾತು ಆಡಲಿಲ್ಲ, ಅದಕ್ಕೆ ನಾನು ಅವರಿಗೆಲ್ಲ ಇಂದಿಗೂ ಋಣಿ. ವಡ್ಡುವಿನ ತಂದೆ ಮಾತ್ರ ಬಗ್ಗಿ ಅತ್ತೆಯ ಚಪ್ಪಲಿಯನ್ನು ಕಾಲ ಹತ್ತಿರ ಸರಿಸಿಟ್ಟು, "ಇರ್ಲಿ ಬಿಡ್ರಿ ಯವ್ವಾ" ಎಂದರು.

ಮರಳುವ ದಾರಿಯಲ್ಲಿ ಬುಕ್ಕಸಾಗರದ ಗದ್ದೆಗಳು ಬಂದವು, ಹೋದವು, ಯಾರ ಪೈರಿನ ಸುದ್ದಿಯೂ ಬರಲಿಲ್ಲ. ಮನೆ ಮುಟ್ಟಿದರೆ ಕಂಪ್ಲಿಯಲ್ಲಿ ಮಳೆಯ ಸುಳಿವೇ ಇಲ್ಲ. ಭತ್ತ ಬೆಳಿಗ್ಗೆ ಹರವಿದ ಹಾಗೆಯೇ ಗರಿಗರಿಯಾಗಿ ಒಣಗಿ ಬಿದ್ದಿತ್ತು. ಅತ್ತೆ ಒಂದು ಹಿಡಿ ತೆಗೆದುಕೊಂಡು ನೋಡಿ ಅಲ್ಲೇ ಬಿಟ್ಟರು.

ನನ್ನ ಮಗಳು ಶೂ ಕೂಡ ಬಿಚ್ಚದೆ ಹಿತ್ತಲಿಗೆ ಹೋಗಿ ಏಣಿ ಹೊತ್ತು ತಂದಳು. ಜೇಬಿನಲ್ಲಿ ಸ್ಪ್ಯಾನರ್. ಮಾತಿನ ವಿಷಯದಲ್ಲಿ ಅವಳೂ ಅಜ್ಜಿಯ ರಕ್ತವೇ. ಗೋಡೆಗೆ ಏಣಿ ಆನಿಸಿ ಎರಡು ಮೆಟ್ಟಿಲು ಹತ್ತಿದಳು.

"ಏನ್ ಮಾಡಾಕತ್ತಿ?" ಅತ್ತೆ ಕಟ್ಟೆಯಿಂದಲೇ ಕೇಳಿದರು.

"ಸೋತ್ವಲ್ಲಮ್ಮಾ. ನೀ ಹೇಳಿದ್ದಿ."

"ಸೋತಾಕಿ ಯಾರು?"

ಮಗಳು ಏಣಿಯ ಮೇಲಿಂದಲೇ ತಿರುಗಿ ನೋಡಿದಳು. ಅತ್ತೆ ಎದ್ದು, ಭತ್ತದ ಅಂಚಿನಲ್ಲೇ ನಡೆದು ಬಂದು ಏಣಿಯನ್ನು ಎರಡೂ ಕೈಯಿಂದ ಹಿಡಿದರು. ತಲೆ ತಗ್ಗಿಸಿದ್ದರು. ಅವರು ಹಾಗೆ ಇದ್ದದ್ದನ್ನು ನಾನು ಮಾವ ತೀರಿಕೊಂಡ ದಿನ ಬಿಟ್ಟರೆ ನೋಡಿರಲಿಲ್ಲ.

"ನೀವು ಗೆದ್ದಿದ್ರಿ. ಸೋತಾಕಿ ನಾನು. ನೀವು ಸೋತ್ರ ಇಳಸ್ತೀನಿ ಅಂದಿದ್ದೆ, ನಾ ಸೋತ್ರ ಇಳಸ್ತೀನಿ ಅಂದಿದ್ನೇನು? ಇಳಿ ಕೆಳಗ."

ಮಗಳು ಇಳಿಯಲಿಲ್ಲ, ಹೆಚ್ಚುಕಡಿಮೆ ಅಜ್ಜಿಯ ಮೇಲೆ ಬಿದ್ದಳು. ಇಬ್ಬರೂ ಅತ್ತರು, ನಾನೂ ಕಣ್ಣೊರೆಸಿಕೊಂಡೆ. ನನ್ನ ಗಂಡ ಏಣಿಯನ್ನು ಒಳಗಿಡುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಈಗಲೂ ಸಂಜೆ ಅರ್ಧ ಕಣದಲ್ಲಿ ಭತ್ತ, ಇನ್ನರ್ಧದಲ್ಲಿ ಆಟ. ಎಲ್ಲಿ ಪಂದ್ಯವಿದ್ದರೂ ಅತ್ತೆ ಬರುತ್ತಾರೆ, ಕಂಪ್ಲಿಯ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಆಟ ಮುಗಿಯುತ್ತಾ ಬಂದಾಗ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಬಿಡದ ಹಾಗೆ ಹಿಡಿದುಕೋ ಎಂದು ಸನ್ನೆ ಮಾಡಿ ಅದರ ತುದಿಯನ್ನು ನನ್ನ ಕೈಗೆ ಕೊಡುತ್ತಾರೆ.