ಹಿಂದಕ್ಕೆ ಚಾಚಿದ ಕೈ

ನಂಜುಂಡಣ್ಣನ ಮುಖಕ್ಕಿಂತ ಬೆನ್ನೇ ನನಗೆ ಚೆನ್ನಾಗಿ ನೆನಪಿದೆ. ಅಗಲವಾದ ಬೆನ್ನು, ಹೆಗಲ ಮೇಲೊಂದು ಚೌಕಳಿ ಟವಲ್ಲು. ನಮ್ಮೂರು ಹಂಗಳದಿಂದ ಕಾಡಂಚಿನ ಹೊಲಗಳಿಗೆ ಹೋಗುವಾಗ ಯಾವಾಗಲೂ ಅವನು ಮುಂದೆ, ನಾನು ಹಿಂದೆ. ಆನೆಯ ಸುಳಿವು ಸಿಕ್ಕರೆ ಬಾಯಿ ಬಿಡುತ್ತಿರಲಿಲ್ಲ, ಬಲಗೈ ಹಿಂದಕ್ಕೆ ಚಾಚುತ್ತಿದ್ದ. ಅಂಗೈ ಬಿಡಿಸಿದ್ದರೆ ನಿಲ್ಲಬೇಕು. ಮುಷ್ಟಿಯಾದರೆ ಸದ್ದಿಲ್ಲದೆ ವಾಪಸ್ ತಿರುಗಬೇಕು. ಯಾಕೆ ಎಂದು ಕೇಳುವಂತಿಲ್ಲ.

"ಮುಂದ್ಗಡೆ ನಾ ನೋಡ್ಕತೀನಿ, ಹಿಂದ್ಗಡೆ ನೀ ಕೇಳುಸ್ಕತಾ ಬಾ. ಮಾತು ಮನೇಲಿ ಆಡನ," ಅನ್ನುತ್ತಿದ್ದ.

ತೆರಕಣಾಂಬಿಯಲ್ಲಿ ಒಂದು ಮದುವೆ. ಊಟದ ಮನೆಗೆ ನುಗ್ಗುವಾಗ ಆ ಕೈ ಹಿಂದಕ್ಕೆ ಬಂತು. ಅಷ್ಟು ಜನರ ನಡುವೆ ನಾನು ಕಂಬದಂತೆ ನಿಂತೆ. ಎದುರಿಗೆ ಬರುತ್ತಿದ್ದವಳು ಅವನ ಅತ್ತೆ. ಅಂಗೈ ನಿಧಾನವಾಗಿ ಮುಷ್ಟಿಯಾಯಿತು, ಇಬ್ಬರೂ ವಾಪಸ್ ತಿರುಗಿದೆವು. ಈ ಕತೆ ಹೇಳಿಕೊಂಡು ಊರೆಲ್ಲ ನಕ್ಕಿತು.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಕಲ್ಲು ತುಂಬಿದ್ದ ನೆಲವನ್ನು ಕೈಯಾರೆ ಹಸನು ಮಾಡಿ ಅರಿಸಿನ, ಚೆಂಡುಹೂ ಬೆಳೆದೆ. ಯಾರ ಮುಂದೆಯೂ ಕೈಕಟ್ಟಿ ನಿಂತಿಲ್ಲ. ಆದರೆ ನನ್ನ ಹೊಲಕ್ಕೆ ಟ್ರ್ಯಾಕ್ಟರ್ ಹೋಗಬೇಕಾದರೆ ನಂಜುಂಡಣ್ಣನ ಹೊಲದ ಬದುವಿನ ಮೇಲೇ ಹೋಗಬೇಕು. ಅದು ನಮ್ಮ ಅಪ್ಪಂದಿರು ಬಾಯಿಮಾತಿನಲ್ಲಿ ಬಿಟ್ಟುಕೊಂಡಿದ್ದ ದಾರಿ. ರೆಸಾರ್ಟಿನವರು ಜಮೀನು ಕೇಳಿ ಬಂದಾಗ ನಾನು ಆಗಲ್ಲ ಎಂದೆ. "ನೀ ಇರಗಂಟ ನಾನೂ ಕೊಡಕಿಲ್ಲ ಕಣ್ಲಾ ಮಾದೇವ," ಎಂದ ಅವನು.

ಹೋದ ವರ್ಷ ಇದ್ದಕ್ಕಿದ್ದಂತೆ, ಕಡಲು ನೋಡಿ ಬರೋಣ ಎಂದು ಹೊರಡಿಸಿದ. ನಮ್ಮ ಹೂವು ದಿನಾ ಕೇರಳಕ್ಕೆ ಹೋಗುತ್ತಿತ್ತು, ನಾನು ಮಾತ್ರ ಕಡಲನ್ನು ಕಂಡವನಲ್ಲ. ಬಾಗಿಲಿಗೆ ಕಾರು ಬಂತು. ಯಾರದೆಂದು ಕೇಳಿದರೆ ಗೊತ್ತಿರುವವರದು ಎಂದ.

ಕಣ್ಣೂರಿನ ಹತ್ತಿರ ಬಂಡೆಗುಡ್ಡದ ನೆತ್ತಿಯ ಮೇಲೆ ನಡೆಯಲೆಂದೇ ಮಾಡಿದ ದಾರಿಯಿತ್ತು. ಒಂದು ಕಡೆ ಹುಲ್ಲು, ಇನ್ನೊಂದು ಕಡೆ ಆಳದಲ್ಲಿ ಕಡಲು. ಅಲ್ಲಿಯೂ ಅವನೇ ಮುಂದೆ. ತುಸು ದೂರ ಹೋಗುವಷ್ಟರಲ್ಲಿ ಕೈ ಹಿಂದಕ್ಕೆ ಬಂತು, ನಾನು ನಿಂತೆ.

"ನೋಡ್ಲಾ, ಕೆರೇಲಿ ಎಮ್ಮೆ ಮುಳುಗೆದ್ದಂಗೆ."

ಡಾಲ್ಫಿನ್‌ಗಳ ಕಪ್ಪು ಬೆನ್ನುಗಳು ಏಳುತ್ತಿದ್ದವು, ಮುಳುಗುತ್ತಿದ್ದವು. ಕೆಳಗಿನ ಬಂಡೆಯ ಮೇಲೆ ನೀರುನಾಯಿಗಳು ಮರಿಗಳ ಜೊತೆ ಉರುಳಾಡುತ್ತಿದ್ದವು. ಮೀನು ಕಚ್ಚಿಕೊಂಡ ಕಡಲ ಹದ್ದೊಂದು ನಮ್ಮ ಕಾಲಿನ ಕೆಳಗೆ ಹಾರಿಹೋಯಿತು. ಹಕ್ಕಿಯ ಬೆನ್ನನ್ನು ಮೇಲಿನಿಂದ ಕಂಡಿದ್ದು ನನಗೆ ಅದೇ ಮೊದಲು. ನಾನು ಹಿಗ್ಗುತ್ತಿದ್ದರೆ ಅವನು ಕಡಲಿಗೆ ಬೆನ್ನು ಹಾಕಿ ಕೂತಿದ್ದ. ಫೋನು ಬಂದಾಗೆಲ್ಲ ಎದ್ದು ಬಂಡೆಯ ಮರೆಗೆ ಹೋಗುತ್ತಿದ್ದ. ಅರಿಸಿನಕ್ಕೆ ನೀರು ಬಿಡಬೇಕು, ಹೊರಡೋಣ ಎಂದೆ.

"ಇನ್ನೊಂದಿನ ಇದ್ಬುಟ್ಟು ಓಗನ. ನೀ ಯಾವತ್ತು ಸುಮ್ಕೆ ಕೂತಿದ್ದೀಯೆ?"

ನನ್ನ ದುಡಿಮೆಯನ್ನು ಕಂಡವನೊಬ್ಬನಿದ್ದಾನಲ್ಲ ಎಂದು ಎದೆ ತುಂಬಿ ಬಂತು.

ಊರಿಗೆ ಬಂದರೆ ಬದುವೇ ಇರಲಿಲ್ಲ. ನೆಲ ಮಟ್ಟವಾಗಿತ್ತು, ಉದ್ದಕ್ಕೂ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದರು. ನಂಜುಂಡಣ್ಣ ತನ್ನ ಹೊಲವನ್ನು ರೆಸಾರ್ಟಿಗೆ ಮಾರಿದ್ದ, ನಾವು ಹೊರಟ ಬೆಳಿಗ್ಗೆಯೇ ಜೆಸಿಬಿ ಬಂದಿತ್ತಂತೆ. ನನ್ನ ಹೆಂಡತಿ ಅಡ್ಡ ನಿಂತಳಂತೆ. ನಿನ್ನ ಗಂಡನಿಗೆ ಎಲ್ಲಾ ಗೊತ್ತು, ನಮ್ಮ ಕಾರಲ್ಲೇ ಕಡಲು ನೋಡಲು ಹೋಗಿದ್ದಾನೆ ಎಂದರಂತೆ ರೆಸಾರ್ಟಿನವರು. ಅವಳು ದಾರಿ ಬಿಟ್ಟಿದ್ದಳು.

ನೇರ ಅವನ ಜಗುಲಿಗೆ ಹೋದೆ. "ಯಾಕಣ್ಣಾ ಇಂಗ್ ಮಾಡ್ಬುಟ್ಟೆ?"

ಅವನು ಟವಲ್ಲು ಒದರಿ ಮತ್ತೆ ಹೆಗಲಿಗೆ ಹಾಕಿಕೊಂಡ. "ನೀ ಇದ್ದಿದ್ರೆ ಜೆಸಿಬಿಗೆ ಅಡ್ಡ ಮನೀಕತಿದ್ದೆ ಕಣ್ಲಾ. ಅದ್ಕೇ ಕರ್ಕಂಡೋದೆ."

ಉಪಕಾರ ಮಾಡಿದವನಂತೆ ಹೇಳಿದ.

ಅಂದಿನಿಂದ ಅವನ ಜೊತೆ ಮಾತಿಲ್ಲ. ಈಗ ನಾನು ಹಳ್ಳ ಸುತ್ತಿ, ಹೂವಿನ ಮೂಟೆ ಹೊತ್ತೇ ರಸ್ತೆಗೆ ತರುತ್ತೇನೆ. ಅವನು ರೆಸಾರ್ಟಿನ ಗೆಸ್ಟುಗಳನ್ನು ಕಾಡಂಚಿನಲ್ಲಿ ನಡೆಸುತ್ತಾನೆ.

ಮೊನ್ನೆ ಬೆಳಿಗ್ಗೆ ಮೂಟೆ ಹೊತ್ತು ಹಳ್ಳ ಹತ್ತಿದರೆ ಅವರ ಗುಂಪು ನನ್ನ ಮುಂದೆಯೇ ಹೋಗುತ್ತಿತ್ತು. ಎಲ್ಲರಿಗಿಂತ ಮುಂದೆ ಅದೇ ಬೆನ್ನು. ಇದ್ದಕ್ಕಿದ್ದಂತೆ ಕೈ ಹಿಂದಕ್ಕೆ ಬಂತು, ಅಂಗೈ ಬಿಡಿಸಿತ್ತು. ಗೆಸ್ಟುಗಳು ಮಾತಾಡುತ್ತಾ ನಡೆದೇ ಹೋದರು. ನನ್ನ ಕಾಲು ಮಾತ್ರ, ನನ್ನನ್ನು ಒಂದು ಮಾತೂ ಕೇಳದೆ, ನಿಂತುಬಿಟ್ಟಿತು.

ಅವನು ತಿರುಗಿ ನೋಡಿದ. ನಿಂತಿದ್ದವನು ನಾನೊಬ್ಬನೇ. ಏನೋ ಹೇಳಲು ಬಾಯಿ ತೆರೆದ. ನಾನು ಮೂಟೆಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮತ್ತೆ ಹಳ್ಳಕ್ಕೆ ಇಳಿದೆ.