ಹಳದಿ ದಾರದ ಕಟ್ಟು

ನಿನ್ನೆ ಕುವೆಂಪುನಗರದ ಅಂಗಡಿಯಿಂದ ತಂದ ಊದುಬತ್ತಿಯ ಪೊಟ್ಟಣ ಬಿಚ್ಚಿದರೆ ಮುಗ್ಗಲು ವಾಸನೆ. ಅಂಗಡಿಯವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ನಾನು ಚಿಕ್ಕವಳಿದ್ದಾಗ ಬನ್ನಿಮಂಟಪದ ನಮ್ಮ ವಠಾರದಲ್ಲಿ ಅಮ್ಮ, ಪಕ್ಕದ ಮನೆಯ ಸಾಕಮ್ಮ ಇಬ್ಬರೂ ಊದುಬತ್ತಿ ಹೊಸೆಯುತ್ತಿದ್ದರು. ಇಬ್ಬರ ಅಂಗೈಯೂ ಸದಾ ಕಪ್ಪು. ಯಾರ ಕೆಲಸವೆಂದು ಗುರುತು ಸಿಗಲು ನಮ್ಮ ಕಟ್ಟಿಗೆ ಕೆಂಪು ದಾರ, ಸಾಕಮ್ಮನದಕ್ಕೆ ಹಳದಿ. ಮಾಲು ಒಯ್ಯಲು ಬರುವ ಮೇಸ್ತ್ರಿ ಪ್ರತಿ ಸಲ ಹೇಳುತ್ತಿದ್ದರು, "ಚೆನ್ನಾಗಿ ಒಣಗಿಸ್ರಮ್ಮ. ಮಂಗಳೂರಲ್ಲಿ ಹಡಗು ಹತ್ತೋ ಮಾಲು. ಹಸಿ ಇದ್ರೆ ಸಮುದ್ರದ ಮೇಲೇ ಬೂಷ್ಟು ಹಿಡೀತದೆ." ನಾವ್ಯಾರೂ ಕಾಣದ ಆ ಹಡಗಿನಿಂದಲೇ ಎರಡೂ ಮನೆಯ ಒಲೆ ಉರಿಯುತ್ತಿತ್ತು.

ಒಂದು ದಿನ ಕಡ್ಡಿಗಳನ್ನು ಬಿಸಿಲಿಗೆ ಹರಡು ಎಂದು ಅಮ್ಮ ಹೇಳಿದ್ದನ್ನು ಮರೆತು ಕುಂಟೆಬಿಲ್ಲೆ ಆಡುತ್ತಿದ್ದೆ. ಮೇಸ್ತ್ರಿಯ ಸೈಕಲ್ ಗಂಟೆ ಕೇಳಿದಾಗ ಅಮ್ಮನ ಏಟು ನೆನಪಾಯಿತು. ಜಗಲಿಯ ಮೇಲಿದ್ದ ಸಾಕಮ್ಮನ ಒಣ ಕಟ್ಟಿಗೆ ನಮ್ಮ ಕೆಂಪು ದಾರ ಸುತ್ತಿ, ನಮ್ಮ ಅರೆಹಸಿ ಕಟ್ಟಿಗೆ ಅವರ ಹಳದಿ ದಾರ ಕಟ್ಟಿಬಿಟ್ಟೆ. ಅವಸರದಲ್ಲಿದ್ದ ಮೇಸ್ತ್ರಿ ಮುಟ್ಟಿ ನೋಡಲಿಲ್ಲ.

ಎಷ್ಟೋ ತಿಂಗಳ ಮೇಲೆ, ಹಡಗಿನಲ್ಲಿ ಹೋಗಿದ್ದ ಮಾಲಿನ ಪೆಟ್ಟಿಗೆ ವಾಪಸು ಬಂತು. ಬೂಷ್ಟು ಹಿಡಿದ ಕಟ್ಟನ್ನು ಸಾಕಮ್ಮನ ಮುಂದಿಟ್ಟು ಮೇಸ್ತ್ರಿ, "ಇನ್ಮೇಲೆ ನಿಮ್ಗೆ ಕೆಲ್ಸ ಇಲ್ಲ ಕಣಮ್ಮ" ಎಂದರು. ಸಾಕಮ್ಮ ಹಳದಿ ದಾರವನ್ನೇ ನೋಡುತ್ತ ನಿಂತರು. ನಾನು ಅಮ್ಮನ ಸೆರಗಿನ ಹಿಂದಿದ್ದೆ.

ಇವತ್ತು ಹೇಳಿಯೇಬಿಡೋಣವೆಂದು ಸಾಕಮ್ಮನ ಮನೆಗೆ ಹೋದೆ. ಊದುಬತ್ತಿಯ ಮಾತು ತೆಗೆದದ್ದೇ ತಡ, ಅವರು ನನ್ನ ಕೈ ಹಿಡಿದುಕೊಂಡು, "ಅವತ್ತು ನಾನೇ ಸರಿಯಾಗಿ ಒಣಗಿಸ್ಲಿಲ್ಲ ಕಣಮ್ಮ" ಎಂದರು.

ಅವರು ಕೊಟ್ಟ ಕಾಫಿ ಕುಡಿದು, ದಾರ ಬದಲಿಸಿದ್ದನ್ನು ಹೇಳದೆಯೇ ಎದ್ದು ಬಂದೆ.